ಬೆಂಕಿಯ ಚಿತ್ರವೂ ಬೆಂಕಿ ಬಲ್ಲವರೂ

ಚಿತ್ರಕಲೆಯು ಉಳ್ಳವರಿಗೂ ಓದಿದವರಿಗೂ ಮೀಸಲೆಂಬ ಭಾವನೆ ನಮ್ಮ ಹೋಟೆಲು ಕಾರ್ಮಿಕ ಬಂಧುಗಳಲ್ಲಿ ಬೇರೂರಿದೆ. ಕಾಲಾಘೋಡಾದ ಜಹಾಂಗೀರ್ ಕಲಾ ಗ್ಯಾಲರಿಗೆ ಪ್ರವೇಶ ಶುಲ್ಕವಿಲ್ಲ. ಫೋರ್ಟಿನ ನಮ್ಮ ಹೋಟೆಲುಗಳಿಂದ ನಡೆದು ಹೋಗುವಷ್ಟೇ ದೂರ. ಆದರೂ ಬಾಗಿಲವರೆಗೆ ಹೋಗಿ ಹಿಂದಿರುಗುವವರೇ ಹೆಚ್ಚು. ಈ ಹಿಂಜರಿಕೆ ನಿರಾಧಾರವೆಂಬುದಕ್ಕೆ ದೂರದ ಅಮೆರಿಕದ ಚಿತ್ರವೊಂದನ್ನು ಸಾಕ್ಷಿಯಾಗಿ ಮುಂದಿಡುತ್ತೇವೆ.

ವಿನ್‌ಸ್ಲೋ ಹೋಮರ್ ಎಂಬ ಚಿತ್ರಕಾರನು 1880ರಲ್ಲಿ ಬರೆದ 'ಕ್ಯಾಂಪ್ ಫೈರ್' ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅಡಿರೊಂಡ್ಯಾಕ್ ಬೆಟ್ಟಗಳ ಕಾಡು, ಕಗ್ಗತ್ತಲ ರಾತ್ರಿ. ಒರಟಾಗಿ ಕಟ್ಟಿದ ಒಂದು ಮಾಡು. ಒಬ್ಬನು ಮಲಗಿದ್ದಾನೆ, ಮತ್ತೊಬ್ಬನು ಕುಳಿತಿದ್ದಾನೆ. ಮುಂದೆ ದಿಮ್ಮಿಗಳ ಉರಿ. ಬೇಟೆಯಿಲ್ಲ, ಕಾಳಗವಿಲ್ಲ, ಕಥೆಯೆಂಬುದೇ ಇಲ್ಲ.

ಆದರೆ ಆ ಕಿಡಿಗಳನ್ನು ನೋಡಬೇಕು! ಬೇರೊಬ್ಬನಾಗಿದ್ದರೆ ನಾಲ್ಕು ಕೆಂಪು ಚುಕ್ಕೆಗಳನ್ನಿಟ್ಟು ಕೈತೊಳೆದುಕೊಳ್ಳುತ್ತಿದ್ದನು. ಹೋಮರನ ಕಿಡಿಗಳು ನೀಳವಾದ, ಬಾಗಿದ ಎಳೆಗಳಾಗಿ ಕತ್ತಲೆಗೆ ಏರುತ್ತವೆ. ರಭಸದಿಂದ ಹಾರುವ ಕಿಡಿಯು ಕಣ್ಣಿಗೆ ಚುಕ್ಕೆಯಾಗಿ ಕಾಣದು, ಗೆರೆಯಾಗಿಯೇ ಕಾಣುವುದು; ಒಲೆಯ ಮುಂದೆ ನಿಂತವರು ಇದನ್ನು ಬಲ್ಲರು. ಆ ಗೆರೆಗಳನ್ನು ಕಂಡೇ ಉರಿಯುತ್ತಿರುವ ಮರ ಯಾವುದೆಂದು ಕಾಡಿನ ಜನ ಹೇಳಬಲ್ಲರೆಂಬ ಹೊಗಳಿಕೆಯೂ ಈ ಚಿತ್ರಕ್ಕೆ ಸಂದಿದೆ. ಪ್ರಸಂಗ ಬಂದುದರಿಂದ ಹೇಳುತ್ತೇವೆ: ನಾವೂ ಸೌದೆಯ ಒಲೆಯ ಹೋಟೆಲು ನಡೆಸಿದವರೇ. ಹಸಿ ಸೌದೆ ಸಿಡಿಯುವ ಬಗೆ ಬೇರೆ, ಒಣಗಿದ ಹುಣಿಸೆಯ ಕೆಂಡ ನಿಲ್ಲುವ ಬಗೆ ಬೇರೆ. ಇದನ್ನು ನಮ್ಮ ಎಸ್.ಎಸ್.ಎಲ್.ಸಿ. ಪುಸ್ತಕಗಳು ಕಲಿಸಲಿಲ್ಲ; ಅಡುಗೆಯ ಭಟ್ಟರು ಕಲಿಸಿದರು.

ಹೋಮರನಾದರೂ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 1836ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಆತನು ಹತ್ತೊಂಬತ್ತರ ಹರೆಯದಲ್ಲಿ ಕಲ್ಲಚ್ಚಿನ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. ಆ ದುಡಿಮೆ ಆತನಿಗೆ ಬೇಸರ ತರಿಸಿತ್ತೆಂಬುದನ್ನು ನಮ್ಮ ಗುಮಾಸ್ತ ಮಿತ್ರರಿಗೆ ವಿವರಿಸಬೇಕಾಗಿಲ್ಲ. ಬಳಿಕ 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಗೆ ಅಂತರ್ಯುದ್ಧದ ಚಿತ್ರಗಳನ್ನು ಬರೆದನು. ಯುದ್ಧರಂಗದಲ್ಲಿಯೂ ಆತನ ಕಣ್ಣು ಹೆಚ್ಚಾಗಿ ಹೋದುದು ಸೇನಾಪತಿಗಳ ಕಡೆಗಲ್ಲ, ಬಿಡಾರದಲ್ಲಿ ಕಾಲ ಕಳೆಯುವ ಸಾಮಾನ್ಯ ಸಿಪಾಯಿಗಳ ಕಡೆಗೆ.

ಇದ್ದುದನ್ನು ಇದ್ದಂತೆ ಬರೆದರೆ ಅದು ಕಲೆಯೇ ಎಂದು ಪಂಡಿತರು ಕೇಳಬಹುದು. ಕೇಳಲಿ. ಕಿಡಿ ಹೇಗೆ ಹಾರುತ್ತದೆಂಬುದನ್ನು ಅರಿಯದವರು ಈ ಚಿತ್ರದ ಅರ್ಧವನ್ನು ಮಾತ್ರ ನೋಡಬಲ್ಲರೆಂಬುದು ನಮ್ಮ ಅಭಿಪ್ರಾಯ. ಉಳಿದರ್ಧವನ್ನು ಅವರಿಗೆ ತೋರಿಸಿಕೊಡಬಲ್ಲವರು ನಮ್ಮ ಅಡುಗೆಮನೆಗಳಲ್ಲಿದ್ದಾರೆ. ಮುಂದಿನ ರಜೆಯ ದಿನ ಅವರು ಕಾಲಾಘೋಡಾದ ಆ ಬಾಗಿಲನ್ನು ದಾಟಲಿ.