ಸಭೆ ನಂಜನಗೂಡಿನಲ್ಲೇ ನಡೆಯಲಿ: ಮೈಸೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ



ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ತಾಂಡವಪುರ ಸಿಗುತ್ತದೆ. ಹಳೆಯ ಊರು, ರೈಲು ನಿಲ್ದಾಣ, ಕಾರ್ಖಾನೆಗಳು, ದೂರದೂರಿಂದ ದುಡಿಯಲು ಬಂದ ಕುಟುಂಬಗಳು. ಇಲ್ಲಿನ ಮಗುವೊಂದರ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು ಎಂದುಕೊಳ್ಳಿ. ಅದು ಮೊದಲು ಬಾಯಿಬಿಡುವುದು ಬಹುಶಃ ಶಾಲೆಯ ಟೀಚರ್ ಮುಂದೆ. ಆಮೇಲೆ ಠಾಣೆ, ಆಸ್ಪತ್ರೆ, ಮೈಸೂರಿನ ಮಕ್ಕಳ ಕಲ್ಯಾಣ ಸಮಿತಿ, ವಿಶೇಷ ನ್ಯಾಯಾಲಯ. ಎಲ್ಲ ಕಡೆಯೂ ಅದೇ ನೋವನ್ನು ಮೊದಲಿಂದ ಹೇಳಬೇಕು.

ಕಾನೂನಿಗೆ ಬರವಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರಲ್ಲೇ ಬಂದಿದೆ. ವಿಷಯ ಗೊತ್ತಿದ್ದೂ ತಿಳಿಸದವರಿಗೆ ಅದರಲ್ಲಿ ಶಿಕ್ಷೆಯಿದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಕೊಡಬೇಕು. ತನಿಖೆ, ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆ ನಿಲ್ಲುವ 'ಬೆಂಬಲ ವ್ಯಕ್ತಿ'ಯ ವ್ಯವಸ್ಥೆ 2020ರ ನಿಯಮಗಳಲ್ಲಿದೆ. ಇದನ್ನು ಪೋಷಕರ ವಿವೇಚನೆಗೆ ಬಿಟ್ಟು ಕೈತೊಳೆದುಕೊಳ್ಳಬಾರದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇಲಾಖೆಗಳು ಕೈಜೋಡಿಸಿದರೆ ಏನಾಗುತ್ತದೆ ಎಂಬುದನ್ನು ಮೈಸೂರೇ ಕಂಡಿದೆ. 2022ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಮುರುಘಾ ಮಠದ ಹಾಸ್ಟೆಲಿನ ಬಾಲಕಿಯರು ಮಠಾಧೀಶರ ಮೇಲೆ ಲೈಂಗಿಕ ದೌರ್ಜನ್ಯದ ದೂರು ಹೊತ್ತು ಇಲ್ಲಿನ ಒಡನಾಡಿ ಸಂಸ್ಥೆಗೆ ಬಂದರು. ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಯಿತು. ಮಕ್ಕಳ ರಕ್ಷಣಾ ಘಟಕದ ಅಧಿಕಾರಿ ಕೊಟ್ಟ ದೂರು ನಜರ್‌ಬಾದ್ ಠಾಣೆಯಲ್ಲಿ ದಾಖಲಾಗಿ ಚಿತ್ರದುರ್ಗಕ್ಕೆ ವರ್ಗವಾಯಿತು. 2025ರ ನವೆಂಬರ್‌ನಲ್ಲಿ ನ್ಯಾಯಾಲಯ ಆರೋಪಿಯನ್ನು ಖುಲಾಸೆಗೊಳಿಸಿತು, ಅದು ಬೇರೆ ಮಾತು. ಆದರೆ 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಮೈಸೂರಿನಲ್ಲಿ ಯಾರೂ ಬಾಗಿಲು ಹಾಕಲಿಲ್ಲ.

ಬಾಗಿಲು ಹಾಕಿದರೆ?

2000ರಲ್ಲಿ ಲಂಡನ್ನಿನಲ್ಲಿ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿ ಸಂಬಂಧಿಕರ ಹಿಂಸೆಯಿಂದ ಸತ್ತಳು. ಆಸ್ಪತ್ರೆ, ಪೊಲೀಸರು, ಸಮಾಜ ಸೇವಾ ಇಲಾಖೆ ಎಲ್ಲರಿಗೂ ಅವಳ ವಿಷಯ ಗೊತ್ತಿತ್ತು. ಅವಳನ್ನು ಉಳಿಸುವ 12 ಅವಕಾಶಗಳಾದರೂ ಕೈತಪ್ಪಿದ್ದವು ಎಂದು ಲಾರ್ಡ್ ಲೇಮಿಂಗ್ ವಿಚಾರಣೆ 2003ರಲ್ಲಿ ಹೇಳಿತು.

ಇಲ್ಲಿ ಹಾಗಾಗದಂತೆ ನೋಡುವ ಅಧಿಕಾರ ತಮ್ಮ ಕೈಯಲ್ಲಿದೆ. ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ ಮಕ್ಕಳ ಕಲ್ಯಾಣ ಸಮಿತಿಯ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವ ಹೊಣೆಯನ್ನು ಜಿಲ್ಲಾಧಿಕಾರಿಗೆ ಕೊಟ್ಟಿದೆ. ಸಮಿತಿಯ ಮೇಲಿನ ದೂರುಗಳನ್ನು ಕೇಳುವವರೂ ತಾವೇ. ಮುಂದಿನ ಪರಿಶೀಲನೆಯನ್ನು ನಂಜನಗೂಡಿನಲ್ಲೇ ಇಡಿ. ಗ್ರಾಮಾಂತರ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ತಾಲ್ಲೂಕು ಆಸ್ಪತ್ರೆಯ ವೈದ್ಯರು, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಕಾರ್ಮಿಕ ನಿರೀಕ್ಷಕರು ಒಂದೇ ಮೇಜಿಗೆ ಬರಲಿ. ಮಗುವಿನ ಗುರುತನ್ನು ಗುಟ್ಟಾಗಿಟ್ಟು ಒಂದೊಂದೇ ಪ್ರಕರಣ ತೆಗೆದು ಕೇಳಿ: ವರದಿ 24 ಗಂಟೆಯೊಳಗೆ ಹೋಯಿತೇ? ಬೆಂಬಲ ವ್ಯಕ್ತಿ ಯಾವ ದಿನ ಬಂದರು? ಮಗು ಶಾಲೆಗೆ ಮರಳಿತೇ? ಕೆಲಸ ಬದಲಿಸಿ ಕುಟುಂಬ ಬೇರೆ ಜಿಲ್ಲೆಗೆ ಹೋಗಿದ್ದರೆ, ಅಲ್ಲಿನ ಸಮಿತಿಗೆ ಕಡತ ಕಳುಹಿಸಿದವರು ಯಾರು?

ಉತ್ತರ ಬಾರದ ಪ್ರಶ್ನೆಯ ಮುಂದೆ ಒಬ್ಬ ಅಧಿಕಾರಿಯ ಹೆಸರು, ಒಂದು ಗಡುವು ಬರೆಸಿ. ಮೂರು ತಿಂಗಳ ನಂತರದ ಸಭೆ ಆ ಪಟ್ಟಿಯಿಂದಲೇ ಶುರುವಾಗಲಿ.


ನಂಜನಗೂಡು ತಾಲ್ಲೂಕಿನ ನಾಗರಿಕ