ಕರಿಮಣ್ಣು ಬೆಳೆಗೆ, ಬಿಳಿಮಣ್ಣು ಮನೆಗೆ

ಮರಾಠವಾಡದ ಹಳ್ಳಿಗಳಲ್ಲಿ ನೆಲವನ್ನು ಎರಡು ಹೆಸರಿನಿಂದ ಗುರುತಿಸುವ ರೂಢಿ ತಲೆತಲಾಂತರದಿಂದ ನಡೆದುಬಂದಿದೆ. ಬೆಳೆಯುವ ನೆಲ ‘ಕಾಳಿ’, ಬಾಳುವ ನೆಲ ‘ಪಾಂಢರಿ’. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಲೋಹಾರಾ, ಉಮರಗಾ, ನಿಲಂಗಾ, ಉದಗೀರ ಭಾಗದ ಒಕ್ಕಲು ಮನೆತನಗಳಿಗೂ ಈ ಎರಡು ಮಾತುಗಳು ಹೊಸವಲ್ಲ. ಎರೆಯ ಕರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಜೋಳಕ್ಕೂ ತೊಗರಿಗೂ ಅದು ತಾಯಿ. ಗೋಡೆಗೆ ಮಾತ್ರ ವೈರಿ. ಆದುದರಿಂದ ಹಿರಿಯರು ಕರಿಮಣ್ಣನ್ನು ಕೂರಿಗೆಗೆ ಬಿಟ್ಟುಕೊಟ್ಟು, ಬಿಳಿಮಣ್ಣಿನ ದಿನ್ನೆಯ ಮೇಲೆ ಒತ್ತೊತ್ತಾಗಿ ಮನೆ ಕಟ್ಟಿದರು. ಊರು ಚಿಕ್ಕದಾಗಿತ್ತು, ಹೊಲ ದೊಡ್ಡದಾಗಿತ್ತು.

ಆ ಮನೆಗಳ ರಚನೆಯಲ್ಲಿ ಒಂದು ಲೆಕ್ಕಾಚಾರವಿತ್ತು. ಎರಡು ಮೂರು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮರದ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಬಿಳಿಮಣ್ಣಿನ ಮಾಳಿಗೆ. ಹಗಲಿನ ಬಿಸಿಲು ಆ ದಪ್ಪ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು; ರಾತ್ರಿಯ ತಂಪು ಮರುದಿನ ಮಧ್ಯಾಹ್ನದವರೆಗೆ ಪಡಸಾಲೆಯಲ್ಲಿ ನಿಲ್ಲುತ್ತಿತ್ತು. ದನಗಳು ಮನೆಯ ಮುಂಭಾಗದಲ್ಲಿ, ಕಾಳು ಹಗೇವಿನಲ್ಲಿ, ಸಗಣಿ ತಿಪ್ಪೆಯ ಮೂಲಕ ಹೊಲಕ್ಕೆ. ಕಲ್ಲು, ಮಣ್ಣು, ಮರ ಮೂರೂ ಸುತ್ತಲಿನ ಹರದಾರಿಯೊಳಗೆ ಸಿಗುತ್ತಿದ್ದವು. ಸ್ವಾವಲಂಬಿ ಮನೆಯೆಂದು ಇಂದು ವಾಸ್ತುಶಿಲ್ಪಿಗಳು ಹೊಸದಾಗಿ ವಿವರಿಸುವ ಅನೇಕ ಸಂಗತಿಗಳು ಅಲ್ಲಿ ನಿತ್ಯದ ಬಾಳಾಗಿದ್ದವು.

ಅದೇ ಮನೆಗಳು 1993ರ ಸೆಪ್ಟೆಂಬರ್ 30ರಂದು ನಸುಕಿನ ನಾಲ್ಕು ಗಂಟೆಗೆ ತುಸು ಮುಂಚೆ ತಮ್ಮೊಳಗೆ ಮಲಗಿದ್ದವರ ಮೇಲೆಯೇ ಕುಸಿದವು. ಗಣಪತಿಯನ್ನು ಕಳಿಸಿ ದಣಿದು ಮಲಗಿದ್ದ ರಾತ್ರಿ ಅದು. ಔಸಾ ತಾಲೂಕಿನ ಕಿಲ್ಲಾರಿ, ಇಂದಿನ ಲೋಹಾರಾ ತಾಲೂಕಿನ ಸಾಸ್ತೂರು ಮತ್ತು ಸುತ್ತಲಿನ ಹತ್ತಾರು ಹಳ್ಳಿಗಳು ನೆಲಸಮವಾದವು. ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಹೋಯಿತು. ಇಂದು ಕನ್ನಡ ಶಾಲೆಗೆ ಹೋಗುವ ಮಕ್ಕಳ ಅಜ್ಜ-ಅಜ್ಜಿಯರಲ್ಲಿ ಅನೇಕರು ಆ ನಸುಕನ್ನು ಕಂಡವರು. ಆ ಬಳಿಕ ಎಷ್ಟೋ ದಿನ ಕಲ್ಲಿನ ಗೋಡೆಯ ಕೆಳಗೆ ಮಲಗಲು ಒಪ್ಪದೆ ತಗಡಿನ ಶೆಡ್ಡಿನಲ್ಲಿಯೂ ಬಯಲಿನಲ್ಲಿಯೂ ರಾತ್ರಿ ಕಳೆದವರು.

ಹಾಗಾದರೆ ಹಿರಿಯರ ಮನೆ ತಪ್ಪಾಗಿತ್ತೆ? ಈ ಪ್ರಶ್ನೆಗೆ ಉತ್ತರವನ್ನು ಅವಶೇಷಗಳನ್ನು ಪರೀಕ್ಷಿಸಿದ ತಜ್ಞರು ಅಂದೇ ಕೊಟ್ಟಿದ್ದರು. ಗೋಡೆ ಹೊರಗಿನಿಂದ ನೋಡಲು ಒಂದೇ ಆಗಿದ್ದರೂ ಒಳಗೆ ಎರಡಾಗಿತ್ತು. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ಎರಡೂ ಸಾಲುಗಳನ್ನು ಬಿಗಿದು ಹಿಡಿಯುವ ಉದ್ದಗಲ್ಲುಗಳು ಇರಲಿಲ್ಲ. ನೆಲ ಅಲುಗಿದಾಗ ಎರಡು ಮೈಗಳು ಬೇರೆ ಬೇರೆಯಾಗಿ ಉಬ್ಬಿ ಉರುಳಿದವು. ಮೇಲೆ ಮಾಳಿಗೆಯ ಭಾರ. ಸೋರಿಕೆ ತಡೆಯಲು ವರ್ಷ ವರ್ಷವೂ ಹೊಸ ಮಣ್ಣು ಹಾಕುತ್ತ ಹಾಕುತ್ತ ಅದರ ದಪ್ಪ ಮೊಳ, ಒಂದೂವರೆ ಮೊಳಕ್ಕೆ ಏರಿತ್ತು. ಆದರೆ ಮರದ ಕಂಬ-ತೊಲೆಗಳ ಚೌಕಟ್ಟು ಗಟ್ಟಿಯಾಗಿದ್ದ ಎಷ್ಟೋ ಕಡೆ ಗೋಡೆ ಬಿದ್ದರೂ ಮಾಳಿಗೆ ನಿಂತಿತ್ತು. ಅಂದರೆ ದೋಷವಿದ್ದುದು ಕಲ್ಲಿನಲ್ಲಿಯೂ ಅಲ್ಲ, ಮಣ್ಣಿನಲ್ಲಿಯೂ ಅಲ್ಲ, ಅವುಗಳ ಜೋಡಣೆಯಲ್ಲಿ.

ಭಯಕ್ಕೆ ಇಂಥ ಸೂಕ್ಷ್ಮ ವಿವೇಚನೆ ಹಿಡಿಸುವುದಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ ಮಹಾರಾಷ್ಟ್ರ ಸರಕಾರ ಕೈಗೊಂಡ ಪುನರ್ವಸತಿಯಲ್ಲಿ 52 ಹಳ್ಳಿಗಳನ್ನು ಮೂಲ ಸ್ಥಳದಿಂದ ಎತ್ತಿ ಬೇರೆಡೆ ಕಟ್ಟಲಾಯಿತು. ಜಮೀನಿನ ಹಿಡುವಳಿಗೆ ತಕ್ಕಂತೆ 250, 400, 750 ಚದರಡಿಯ ಮನೆಗಳು ಬಂದವು. ಅಗಲವಾದ ನೇರ ರಸ್ತೆಗಳು, ಚೌಕಾಕಾರದ ನಿವೇಶನಗಳು, ಒಂದಕ್ಕೊಂದು ಅಂಟದ ಮನೆಗಳು: ನಗರದ ಕಾಲೋನಿಯ ನಕಾಶೆ ಹಳ್ಳಿಗೆ ಇಳಿದುಬಂದಿತು. ಈ ಮನೆಗಳು ಸಾವಿರಾರು ಕುಟುಂಬಗಳಿಗೆ ಸೂರು ಕೊಟ್ಟವು, ಧೈರ್ಯ ಕೊಟ್ಟವು. ಅದನ್ನು ಮರೆಯುವುದು ಕೃತಘ್ನತೆಯಾದೀತು. ಹಳೆಯ ಇಕ್ಕಟ್ಟಾದ ಓಣಿಗಳಲ್ಲಿ ಅವಶೇಷ ತುಂಬಿ ರಕ್ಷಣೆಯ ಕೆಲಸಕ್ಕೆ ಅಡ್ಡಿಯಾದದ್ದೂ ನಿಜ. ಆದರೂ ಹೊಸ ಊರು ಹಳೆಯ ಊರಿಗಿಂತ ಹಲವು ಪಟ್ಟು ಜಾಗವನ್ನು ನುಂಗಿತು. ಆ ಜಾಗದಲ್ಲಿ ಬಹುಪಾಲು ಬೆಳೆಯುವ ಭೂಮಿಯೇ ಆಗಿತ್ತು. ದನಕ್ಕೆ, ಕಣಜಕ್ಕೆ, ಕೂಡು ಕುಟುಂಬಕ್ಕೆ ನಕಾಶೆಯಲ್ಲಿ ತಕ್ಕ ಸ್ಥಳವಿರಲಿಲ್ಲ. ತೆಳುವಾದ ಕಾಂಕ್ರೀಟು ಮಾಳಿಗೆ ಏಪ್ರಿಲ್-ಮೇ ತಿಂಗಳಲ್ಲಿ ಕಾದ ಹಂಚಿನಂತೆ ಸುಡತೊಡಗಿತು.

ಅದೇ ಕಾರ್ಯಕ್ರಮದ ಇನ್ನೊಂದು ಭಾಗವನ್ನು ಜನರು ಅಷ್ಟಾಗಿ ನೆನೆಯುವುದಿಲ್ಲ. ಕಡಿಮೆ ಹಾನಿಯಾದ ಊರುಗಳಲ್ಲಿ ಸುಮಾರು ಎರಡು ಲಕ್ಷ ಮನೆಗಳನ್ನು ಅವು ಇದ್ದಲ್ಲಿಯೇ ದುರಸ್ತಿಗೊಳಿಸಿ ಬಲಪಡಿಸಲಾಯಿತು. ಹಣ ಕಂತುಗಳಲ್ಲಿ ಬಂದಿತು, ಎಂಜಿನಿಯರರು ಸಲಹೆ ಕೊಟ್ಟರು, ಕೆಲಸವನ್ನು ಮನೆಯವರೇ ಮಾಡಿಸಿಕೊಂಡರು. ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸುವುದು, ಗೋಡೆಗೆ ಆರಪಾರ ಕಲ್ಲು ಕೂಡಿಸುವುದು, ಮೂಲೆಗಳನ್ನು ಬಿಗಿಯುವುದು, ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಪಟ್ಟಿ ಕಟ್ಟುವುದು: ಇವು ಗೌಂಡಿಗಳಿಗೆ ಕಲಿಸಬಹುದಾದ ಸರಳ ವಿದ್ಯೆಗಳು. ಭಾರತೀಯ ಮಾನಕ ಬ್ಯೂರೋ ಮಣ್ಣಿನ ಮನೆಗಳಿಗೂ ಕಲ್ಲಿನ ಸಾಧಾರಣ ಮನೆಗಳಿಗೂ ಭೂಕಂಪದಿಂದ ಕಾಪಾಡುವ ಮಾರ್ಗಸೂಚಿಗಳನ್ನು ಅದೇ 1993ರಲ್ಲಿ ಪ್ರಕಟಿಸಿತು. 2001ರಲ್ಲಿ ಕಚ್ಛ ಪ್ರದೇಶ ನಡುಗಿದಾಗ ಅಲ್ಲಿನ ಮಣ್ಣಿನ ದುಂಡು ಮನೆ ‘ಭುಂಗಾ’ ಎಷ್ಟೋ ಕಡೆ ಅಳುಕದೆ ನಿಂತಿತು. ಮಣ್ಣೆಂದರೆ ಸಾವು, ಸಿಮೆಂಟೆಂದರೆ ಜೀವ ಎಂಬ ಸುಲಭ ನಂಬಿಕೆಯನ್ನು ಈ ಅನುಭವಗಳು ಅಲ್ಲಗಳೆಯುತ್ತವೆ.

ಇಂದು ಈ ಮಾತನ್ನು ಮತ್ತೆ ಎತ್ತಬೇಕಾದ ಕಾರಣವಿದೆ. ಭೂಕಂಪದ ಬಳಿಕ ಹುಟ್ಟಿದ ತಲೆಮಾರು ಈಗ ತನ್ನ ಮನೆ ಕಟ್ಟುತ್ತಿದೆ. ಪುನರ್ವಸತಿಯ ಮನೆಗೆ ಕೋಣೆ ಕೂಡಿಸುವವರಿದ್ದಾರೆ, ರಸ್ತೆಯ ಬದಿಯ ಹೊಲದಲ್ಲಿ ಎನ್‌ಎ ಪ್ಲಾಟು ಕೊಳ್ಳುವವರೂ ಇದ್ದಾರೆ. ಕಾಳಿ ನೆಲ ಗುಂಟೆ ಗುಂಟೆಯಾಗಿ ಒಡೆದು ಮಾರಾಟವಾಗುತ್ತದೆ. ಅಲ್ಲಿ ಕಟ್ಟಿದ ಮನೆಗೆ ಎರೆಯಲ್ಲಿ ಆಳವಾದ ಬುನಾದಿ ಬೇಕು, ನೀರಿಗೆ ಬೋರು ಬೇಕು, ಕೊಳಚೆಗೆ ಗಟಾರ ಬೇಕು, ಪೇಟೆಗೆ ಹೋಗಲು ಗಾಡಿ ಬೇಕು. ಪ್ರತಿಯೊಂದು ಬೇಕಿಗೂ ಸಾಲವುಂಟು. ಒಮ್ಮೆ ಮನೆಯ ಬುನಾದಿ ಬಿದ್ದ ಕರಿನೆಲ ಮತ್ತೆ ಜೋಳ ಬೆಳೆಯುವುದಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಗೋಡೆಯಿಂದ ಪ್ರಾರಂಭಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಹುಟ್ಟುಹಾಕಿದ ‘ಅಸ್ತ್ರ’ ಕೇಂದ್ರವು ಹಳ್ಳಿಗೆ ಒಗ್ಗುವ ತಂತ್ರಜ್ಞಾನವನ್ನು ಅರಸಿತು. ಕೆ. ಎಸ್. ಜಗದೀಶ ಮತ್ತು ಸಂಗಡಿಗರು ಅಲ್ಲಿ ಮಣ್ಣಿನ ಒತ್ತಿಟ್ಟಿಗೆಯನ್ನು ಬಳಕೆಗೆ ತಂದರು. ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಭಾಗ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೀರು ಹಾಕಿ ಹದಗೊಳಿಸಿದರೆ ಇಟ್ಟಿಗೆ ಸಿದ್ಧ. ಭಟ್ಟಿಯ ಬೆಂಕಿ ಬೇಡ, ಉರುವಲು ಬೇಡ. ಬರಿಯ ಎರೆಮಣ್ಣು ಇದಕ್ಕೆ ಒಗ್ಗದು. ಗರಸು, ಕೆಂಪುಮಣ್ಣು, ಮರಳು ಕೂಡಿದ ಮಣ್ಣು ಬೇಕು. ಇಂಥ ಗೋಡೆಗೆ ಮೂಲೆಯಲ್ಲಿ ಕಬ್ಬಿಣದ ಸರಳು, ಸುತ್ತಲೂ ಪಟ್ಟಿ ಸೇರಿದರೆ ತಂಪು ಮತ್ತು ಭದ್ರತೆ ಎರಡೂ ದಕ್ಕುತ್ತವೆ. ಈಗಾಗಲೇ ಕಾಂಕ್ರೀಟು ಮನೆಯಲ್ಲಿರುವವರು ಮಾಳಿಗೆಗೆ ಬೇಸಿಗೆಗೆ ಮುಂಚೆ ದಪ್ಪಗೆ ಸುಣ್ಣ ಬಳಿದು, ಪಡುವಣ ಗೋಡೆಯ ಮಗ್ಗುಲಿಗೆ ಬೇವು ಬೆಳೆಸಿದರೂ ಒಳಗಿನ ಬೇಗೆ ಇಳಿಯುತ್ತದೆ.

ಎರಡನೆಯದು ನೀರು. 2016ರ ಬೇಸಿಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಆದರೂ ಮಾಳಿಗೆಯ ಮೇಲೆ ಬಿದ್ದ ಮಳೆಯ ಲೆಕ್ಕವನ್ನು ಮಾಡಿದವರು ವಿರಳ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 400 ಚದರಡಿಯ ಮಾಳಿಗೆ ಎಂದರೆ ಸುಮಾರು 37 ಚದರ ಮೀಟರು. ವರ್ಷಕ್ಕೆ 700 ಮಿಲಿಮೀಟರು ಮಳೆಯಾದರೆ ಬೀಳುವ ನೀರು ಸುಮಾರು 26,000 ಲೀಟರು. ಅದರಲ್ಲಿ ಐದನೆಯ ಒಂದು ಪಾಲು ಹರಿದುಹೋದರೂ 20,000 ಲೀಟರಿಗೆ ಕೊರತೆಯಿಲ್ಲ. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರು ಸಾಕೆಂದರೆ ಮಳೆಯಿಲ್ಲದ ಎಂಟು ತಿಂಗಳಿಗೆ ಬೇಕಾದುದು 6,000 ಲೀಟರು. ಎರಡು ಮೀಟರು ಉದ್ದ, ಎರಡು ಮೀಟರು ಅಗಲ, ಒಂದೂವರೆ ಮೀಟರು ಆಳದ ಮುಚ್ಚಿದ ತೊಟ್ಟಿ ಅಷ್ಟನ್ನು ಹಿಡಿಯುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಉಳಿದುದನ್ನು ಸೋಸಿ ತುಂಬಿ, ಕುಡಿಯುವ ಮುಂಚೆ ಕಾಯಿಸಿದರಾಯಿತು. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ. ಆರ್. ಶಿವಕುಮಾರ ಅವರು 1990ರ ದಶಕದಲ್ಲಿ ಕಟ್ಟಿಸಿಕೊಂಡ ‘ಸೌರಭ’ ಎಂಬ ಮನೆಯು ನಗರದ ನಳದ ಸಂಪರ್ಕವನ್ನು ಪಡೆಯದೆ, ಮಳೆನೀರನ್ನೇ ನೆಚ್ಚಿ ನಡೆದು ಈ ಲೆಕ್ಕವನ್ನು ಬಾಳಿನಲ್ಲಿ ತೋರಿಸಿತು.

ಮೂರನೆಯದು ಒಲೆ ಮತ್ತು ಕಸ. ನಾಲ್ಕೈದು ದನಗಳಿರುವ ಮನೆಯಲ್ಲಿ ದಿನಕ್ಕೆ 50 ಕಿಲೋ ಸಗಣಿ ದೊರೆಯುತ್ತದೆ. ಎರಡು ಘನ ಮೀಟರಿನ ಗೋಬರ್ ಗ್ಯಾಸಿನ ಗುಂಡಿಗೆ ಅದು ಸಾಕು, ಒಂದು ಕುಟುಂಬದ ಅಡಿಗೆ ನಡೆಯುತ್ತದೆ. ಹೊರಬರುವ ರಾಡಿ ಹೊಲಕ್ಕೆ ಉತ್ತಮ ಗೊಬ್ಬರ. ಎರಡು ಗುಂಡಿಯ ಶೌಚಾಲಯದಲ್ಲಿ ಒಂದು ತುಂಬಿದಾಗ ಮುಚ್ಚಿ ಇನ್ನೊಂದನ್ನು ಬಳಸಿದರೆ, ಮುಚ್ಚಿದ್ದು ಒಂದೆರಡು ವರ್ಷಗಳಲ್ಲಿ ಗೊಬ್ಬರವಾಗುತ್ತದೆ. ಎರೆಯಲ್ಲಿ ನೀರು ಬೇಗ ಇಂಗದ ಕಾರಣ ಗುಂಡಿಯ ಸುತ್ತ ಮರಳು ತುಂಬಬೇಕು, ಬಾವಿಯಿಂದ ದೂರವಿಡಬೇಕು. ಬಚ್ಚಲ ನೀರು ಹಿತ್ತಲಿನ ಬಾಳೆಗೂ ನುಗ್ಗೆಗೂ ಹೋಗಲಿ. ಮಾಳಿಗೆಯ ಮೇಲಿನ ಒಂದು ಕಿಲೋವ್ಯಾಟಿನ ಸೌರಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟು ವಿದ್ಯುತ್ತು ಕೊಡುತ್ತದೆ.

ಇಷ್ಟಾದರೂ ಒಂಟಿ ಮನೆಯೊಂದು ಹೊಲದ ನಡುವೆ ಎದ್ದು ನಿಂತು ತಾನು ಸ್ವಾವಲಂಬಿಯೆಂದು ಹೇಳಿಕೊಂಡರೆ ಅರ್ಥವಿಲ್ಲ. ಹತ್ತು ಮನೆಗಳು ಒಂದು ಸಾಮಾನ್ಯ ಅಂಗಳವನ್ನು ಸುತ್ತುವರಿದಿದ್ದರೆ ನೆಲ ಉಳಿಯುತ್ತದೆ. ನೆಲ ನಡುಗಿದ ರಾತ್ರಿ ಓಡಿ ನಿಲ್ಲಲು ಬಯಲೂ ದೊರೆಯುತ್ತದೆ. ಹಳೆಯ ಊರಿನ ಒತ್ತು, ಹೊಸ ಊರಿನ ಬಯಲು, ಎರಡರ ಗುಣವೂ ಅದರಲ್ಲಿದೆ. ಖರ್ಚಿನ ಮಾತೂ ಉಂಟು. ಒತ್ತಿಟ್ಟಿಗೆಯ ಕೆಲಸ ಬಲ್ಲ ಗೌಂಡಿಗಳು ಕಡಿಮೆ, ಮಣ್ಣಿನ ಮನೆಯೆಂದರೆ ಬೀಗರ ಎದುರಿಗೆ ಸಂಕೋಚ. ಗ್ರಾಮಪಂಚಾಯತಿಯೊಂದು ತನ್ನ ಶಾಲೆಯ ಕೋಣೆಯನ್ನೋ ಅಂಗನವಾಡಿಯನ್ನೋ ಈ ರೀತಿ ಕಟ್ಟಿಸಿ ತೋರಿಸಿದರೆ ಆ ಸಂಕೋಚ ಅರ್ಧ ಕರಗೀತು, ನಾಲ್ಕು ಜನ ಗೌಂಡಿಗಳೂ ತಯಾರಾದಾರು.

ಅದುವರೆಗೆ ಮಕ್ಕಳಿಗೆ ಒಂದು ಕೆಲಸವಿದೆ. ರಜೆಯ ದಿನ ಟೇಪು ಹಿಡಿದು ತಮ್ಮ ಮನೆಯ ಮಾಳಿಗೆಯನ್ನು ಅಳೆದು, ಮೇಲಿನ ಲೆಕ್ಕದಂತೆ ಅದರ ನೀರನ್ನು ಗುಣಿಸಿ ನೋಡಲಿ. ಬಳಿಕ ಅಜ್ಜಿಯ ಹತ್ತಿರ ಕುಳಿತು, ಹಳೆಯ ಮನೆಯ ಗೋಡೆ ಎಷ್ಟು ದಪ್ಪವಿತ್ತು, ಹಗೇವು ಎಲ್ಲಿತ್ತು, ಆ ನಸುಕಿನಲ್ಲಿ ಯಾವ ಗೋಡೆ ಬಿತ್ತು, ಯಾವುದು ನಿಂತಿತು ಎಂದು ಕೇಳಿ ಕನ್ನಡದಲ್ಲಿ ಬರೆದಿಡಲಿ. ಆ ಪ್ರಶ್ನೆಗಳಿಗೆ ಉತ್ತರ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮುಂದೆ ಈ ಮಕ್ಕಳು ತಮ್ಮ ಮನೆಗೆ ಬುನಾದಿ ತೆಗೆಯುವ ದಿನ ಆ ನೋಟುಬುಕ್ಕು ಕೈಯಲ್ಲಿದ್ದರೆ, ಗೋಡೆಯನ್ನು ಎಲ್ಲಿ ಬಿಗಿಯಬೇಕು, ಕರಿನೆಲವನ್ನು ಎಲ್ಲಿ ಬಿಟ್ಟುಕೊಡಬೇಕು ಎಂಬುದು ಅವರಿಗೆ ತಿಳಿದಿರುತ್ತದೆ.