ಟೇಬಲ್ ಅಂದ್ರೆ ಅಲಂಕಾರ ಅಲ್ಲ ಸ್ವಾಮಿ

"ಲೆಕ್ಕ ಸರಿ ಇದೆಯಲ್ಲ, ಟೇಬಲ್ ಹೇಗಿದ್ರೆ ಏನೀಗ? ಅದೆಲ್ಲ ಕಾಸ್ಮೆಟಿಕ್ ಗುರು." ಈ ಮಾತನ್ನ ರಿವ್ಯೂ ಮೀಟಿಂಗುಗಳಲ್ಲಿ ಎಷ್ಟು ಸಲ ಕೇಳಿದ್ದೀನೋ ಗೊತ್ತಿಲ್ಲ. ಸುಳ್ಳು ಯಾಕೆ, ನಾನೂ ಹೇಳಿದ್ದೀನಿ. ಜೂಪಿಟರ್ ನೋಟ್‌ಬುಕ್ಕಲ್ಲೋ ಮ್ಯಾಥಮ್ಯಾಟಿಕಾದಲ್ಲೋ ರಾತ್ರಿಯೆಲ್ಲ ಕೂತು ಸಮೀಕರಣ ಬಿಡಿಸ್ತೀವಿ. ಉತ್ತರ ಬಂದ ಖುಷಿಗೆ ಕೊನೇ ಸೆಲ್ಲಲ್ಲಿ ಒಂದು ಟೇಬಲ್ ಉದುರಿಸಿ, ಸ್ಕ್ರೀನ್‌ಶಾಟ್ ತೆಗೆದು, ಮೇಲ್‌ಗೆ ಅಂಟಿಸಿ ಮಲಗ್ತೀವಿ. ಆ ಟೇಬಲ್ಲಿಗೆ ಹತ್ತು ನಿಮಿಷ ಕೊಡಪ್ಪ ಅಂದ್ರೆ, ಇಂಟರ್ನ್ ಮಾಡ್ತಾನೆ ಬಿಡಿ ಅಂತೀವಿ.

ಈ ಧೋರಣೆ ತಪ್ಪು. ನಿಮ್ಮ ಲೆಕ್ಕ ನಿಮ್ಮ ಮೆಷಿನ್ನಲ್ಲೇ ಉಳಿಯುತ್ತೆ; ಇನ್ನೊಬ್ಬನ ಕೈಗೆ ಹೋಗೋದು ಟೇಬಲ್ ಮಾತ್ರ. ಅವನ ಪಾಲಿಗೆ ಅದೇ ಉತ್ತರ.

ಇದನ್ನ ನಾನು ಕಲಿತಿದ್ದು ಇನ್ನೊಬ್ಬನಿಗೆ ಬೈಸಿ. ಕೆಲವು ವರ್ಷದ ಹಿಂದೆ ಒಂದು ಉಷ್ಣಾಂಶದ ಸೆನ್ಸರಿಗೆ ಫಿಲ್ಟರ್ ಡಿಸೈನ್ ಮಾಡೋ ಕೆಲಸ ನನಗೆ ಬಂದಿತ್ತು. ಅದರಲ್ಲಿ ಎರಡು ಗುಣಾಂಕ ಮುಖ್ಯ: ಒಂದು -1.9982000, ಇನ್ನೊಂದು 0.9982016. ಟೇಬಲ್ ನೀಟಾಗಿ ಕಾಣಲಿ ಅಂತ ಎಲ್ಲವನ್ನೂ ನಾಲ್ಕು ದಶಮಾಂಶಕ್ಕೆ ಇಳಿಸಿದೆ. -1.9982, 0.9982. ಬೋರ್ಡಿಗೆ ಕೋಡ್ ಬರೆಯೋ ಗೆಳೆಯ ಅದನ್ನೇ ನೋಡಿ ಟೈಪ್ ಮಾಡಿದ.

ಈಗ ನೀವೇ ಕೂಡಿ ನೋಡಿ. 1ಕ್ಕೆ ಈ ಎರಡನ್ನೂ ಸೇರಿಸಿದ್ರೆ, ಮೂಲದಲ್ಲಿ 0.0000016 ಉಳಿಯುತ್ತೆ. ನನ್ನ ಟೇಬಲ್ಲಿನ ಪ್ರಕಾರ ಸೊನ್ನೆ. ಆ ಫಿಲ್ಟರ್ ಒಂದು ಮಟ್ಟಕ್ಕೆ ಬಂದು ನಿಲ್ಲೋದೇ ಆ ಚೂರಿನ ದೆಸೆಯಿಂದ. ಅದು ಸೊನ್ನೆಯಾದ್ರೆ ಫಿಲ್ಟರ್ ಏರಿಳಿತ ಸವರೋದು ಬಿಟ್ಟು, ಬಂದಿದ್ದನ್ನೆಲ್ಲ ಕೂಡಿಹಾಕ್ತಾ ಹೋಗುತ್ತೆ. ರೂಮಲ್ಲಿ 28 ಡಿಗ್ರಿ. ಪರದೆ ಮೇಲೆ 28 ದಾಟ್ತು, 40 ದಾಟ್ತು, 90 ದಾಟ್ತು, ಒಲೆ ಮೇಲಿನ ಹಾಲಿನ ಥರ ಉಕ್ತಾನೇ ಹೋಯ್ತು. ಎರಡು ದಿನ ಸೆನ್ಸರ್ ಬದಲಾಯಿಸಿ, ಬೆಸುಗೆ ಬಿಚ್ಚಿ ಹುಡುಕಿದ್ವಿ. ಮೀಟಿಂಗಲ್ಲಿ ಎಲ್ಲರೆದುರು ಬೈಸಿಕೊಂಡವನು ಆ ಹುಡುಗ. ಮೂರನೇ ದಿನ ನನ್ನ ನೋಟ್‌ಬುಕ್ ತೆಗೆದಾಗ ಗೊತ್ತಾಯ್ತು. ತಪ್ಪು ನಂದೇ ಅಂತ ಮೇಲ್ ಹಾಕಿದೆ, ಸರಿ. ಆದ್ರೆ ಅವನು ತಲೆ ತಗ್ಗಿಸಿ ಕೂತಿದ್ದು ಆ ಮೇಲ್‌ನಿಂದ ಅಳಿಸಿಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ ನೋಡಿ. ತಪ್ಪಿದ್ದಿದ್ದು ಬರೀ 'ಕಾಸ್ಮೆಟಿಕ್' ಭಾಗದಲ್ಲಿ.

ನಾನೊಬ್ಬನೇ ಅಲ್ಲ. 1961ರಲ್ಲಿ ಎಂಐಟಿಯ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ತನ್ನ ಹವಾಮಾನದ ಲೆಕ್ಕವನ್ನ ನಡುವಿನಿಂದ ಮತ್ತೆ ಓಡಿಸೋಣ ಅಂತ, ಪ್ರಿಂಟೌಟಿನಲ್ಲಿದ್ದ ಸಂಖ್ಯೆಗಳನ್ನೇ ಟೈಪ್ ಮಾಡಿದ. ಮೆಷಿನ್ ಒಳಗಿದ್ದದ್ದು 0.506127. ಜಾಗ ಉಳಿಸೋಕೆ ಅಂತ ಪ್ರಿಂಟ್ ಆಗಿದ್ದದ್ದು 0.506. ಕಾಫಿ ಕುಡಿದು ವಾಪಸ್ ಬರೋ ಹೊತ್ತಿಗೆ ಹೊಸ ಹವಾಮಾನಕ್ಕೂ ಹಳೇದಕ್ಕೂ ಸಂಬಂಧವೇ ಇರಲಿಲ್ಲ. ಮೊದಲು ಅವನಿಗೆ ಅನುಮಾನ ಬಂದಿದ್ದೂ ಮೆಷಿನ್ ಮೇಲೇ. ಆ ಕಥೆಯಿಂದ ಲೋಕಕ್ಕೆ ಕೇಯಾಸ್ ಸಿದ್ಧಾಂತ ಸಿಕ್ತು, ಎಲ್ಲರ ಬಾಯಲ್ಲೂ ಚಿಟ್ಟೆ ಕೂತ್ಕೊಳ್ತು. ಅಲ್ಲಿದ್ದ ಟೇಬಲ್ಲನ್ನ ಮಾತ್ರ ಯಾರೂ ನೆನೆಯಲ್ಲ. ಲೊರೆಂಜ್ ಜಾಣ, ವ್ಯತ್ಯಾಸದ ಬೆನ್ನು ಹತ್ತಿದ. ನಾವಾಗಿದ್ರೆ ರೀಸ್ಟಾರ್ಟ್ ಮಾಡ್ತಿದ್ವಿ.

ಇನ್ನೂ ಹಿಂದೆ ಹೋಗಿ. ಚಾರ್ಲ್ಸ್ ಬ್ಯಾಬೇಜ್ ಲೆಕ್ಕದ ಯಂತ್ರದ ಕನಸು ಕಂಡಿದ್ದು ಯಾಕೆ? 1821ರಲ್ಲಿ ಗೆಳೆಯ ಹರ್ಷೆಲ್ ಜೊತೆ ಖಗೋಳದ ಕೋಷ್ಟಕಗಳನ್ನ ತಾಳೆ ನೋಡ್ತಾ, ಅವುಗಳ ತಪ್ಪು ಕಂಡು ತಲೆ ಕೆಟ್ಟು. ಲೆಕ್ಕ ಹಾಕುವಾಗ ಆಗೋ ತಪ್ಪಿನ ಜೊತೆಗೆ ನಕಲು ಮಾಡುವಾಗ, ಅಚ್ಚುಮೊಳೆ ಜೋಡಿಸುವಾಗ ಆಗೋ ತಪ್ಪೂ ಇವೆ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಯಂತ್ರವೇ ಅಚ್ಚು ಹಾಕಬೇಕು ಅಂತ ಹಟ ಹಿಡಿದ. ಅವನ ಎರಡನೇ ಡಿಫರೆನ್ಸ್ ಎಂಜಿನ್ ಅನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನವರು ಕಟ್ಟಿದ್ದಾರೆ. ಲೆಕ್ಕದ ಭಾಗ 1991ರಲ್ಲಿ ಮುಗೀತು, ಅಚ್ಚಿನ ಭಾಗ 2002ರಲ್ಲಿ. ಸಾಲುಗಳ ಅಂತರ, ಕಾಲಮ್ಮುಗಳ ಸಂಖ್ಯೆ, ಅಂಚು, ಕಣ್ಣಿಗೆ ಸುಲಭವಾಗಲಿ ಅಂತ ನಡುನಡುವೆ ಖಾಲಿ ಸಾಲು, ಇಷ್ಟನ್ನೂ ಆ ಮನುಷ್ಯ ಹಲ್ಲುಚಕ್ರದಲ್ಲಿ ಯೋಚಿಸಿಟ್ಟಿದ್ದ. ನಮಗೆ ಒಂದು ಸಾಲು ಕೋಡ್ ಬರೆಯೋಕೆ ಸೋಮಾರಿತನ.

ಡಿಫಾಲ್ಟ್ ನಂಬಿ ಕೂತ್ರೂ ಕಷ್ಟ. ಮ್ಯಾಥಮ್ಯಾಟಿಕಾ ಒಳಗೆ ಸುಮಾರು 16 ಅಂಕಿ ಇಟ್ಕೊಂಡು ಹೊರಗೆ ಆರು ತೋರಿಸುತ್ತೆ. ಪಾಂಡಾಸ್ 60 ಸಾಲು ದಾಟಿದ್ರೆ ಮೊದಲ ಐದು, ಕೊನೆಯ ಐದು ತೋರಿಸಿ, ನಡುವೆ ಚುಕ್ಕಿ ಇಟ್ಟು ಸುಮ್ಮನಾಗುತ್ತೆ. ನಿಮ್ಮ ಯಡವಟ್ಟು 37ನೇ ಸಾಲಲ್ಲಿದ್ರೆ ಸ್ಕ್ರೀನ್‌ಶಾಟಲ್ಲಿ ಅದು ಇರೋದೇ ಇಲ್ಲ.

ಹಾಗಂತ ಸಿಂಗಾರ ಮಾಡೋಕೆ ಹೊರಟವರು ಇನ್ನೊಂದು ಗುಂಡಿಗೆ ಬೀಳ್ತಾರೆ. ಮ್ಯಾಟ್ರಿಕ್ಸ್‌ಫಾರ್ಮ್ ಹಾಕಿ, ಆ ಫಲಿತಾಂಶವನ್ನೇ ಒಂದು ಹೆಸರಿಗೆ ಕಟ್ಟಿಬಿಡ್ತಾರೆ. ಮುಂದಿನ ಸೆಲ್ಲಲ್ಲಿ ಅದರ ವಿಲೋಮ ಕೇಳಿದ್ರೆ ಮ್ಯಾಥಮ್ಯಾಟಿಕಾ ಲೆಕ್ಕ ಮಾಡಲ್ಲ. ಯಾಕಂದ್ರೆ ಅಲ್ಲಿರೋದು ಈಗ ಬರೀ ಮ್ಯಾಟ್ರಿಕ್ಸ್ ಅಲ್ಲ, ಪ್ರದರ್ಶನದ ಅಂಗಿ ತೊಟ್ಟ ಮ್ಯಾಟ್ರಿಕ್ಸ್. ಪೈಥಾನಿನವರು ಎರಡು ದಶಮಾಂಶ ಕಾಣಲಿ ಅಂತ ಇಡೀ ಕಾಲಮ್ಮನ್ನ ಅಕ್ಷರವಾಗಿ ಬದಲಾಯಿಸಿ ಆಮೇಲೆ ಸಾರ್ಟ್ ಮಾಡ್ತಾರೆ, 100.00 ಬಂದು 9.00ರ ಹಿಂದೆ ನಿಲ್ಲಬೇಕಾದದ್ದು ಮುಂದೆ ನಿಲ್ಲುತ್ತೆ. ಕಂಪ್ಯೂಟರ್ ಆಲ್ಜೀಬ್ರಾ ಮೂರನೇ ಒಂದನ್ನ ಮೂರನೇ ಒಂದಾಗಿಯೇ ಕಾಪಾಡಿಕೊಟ್ಟಿರುತ್ತೆ, ನಾವು ಕಾಲಮ್ ಸಮ ಬರಲಿ ಅಂತ ಅದನ್ನ 0.33 ಮಾಡಿ ಮುಂದಿನ ಲೆಕ್ಕಕ್ಕೂ ಅದನ್ನೇ ತಗೋತೀವಿ.

"ಸರಿ, ಹಾಗಾದ್ರೆ ಇರೋ ಅಂಕಿಯನ್ನೆಲ್ಲ ತೋರಿಸಿಬಿಡೋಣ" ಅಂತೀರಾ? ಅದೂ ಮೋಸವೇ. ಡಿಗ್ರಿಯ ಹತ್ತನೇ ಒಂದು ಭಾಗ ಮಾತ್ರ ಅಳೆಯಬಲ್ಲ ಸೆನ್ಸರಿನ ಸರಾಸರಿಯನ್ನ 28.43719264 ಅಂತ ಬರೆದ್ರೆ, ಇಲ್ಲದ ನಿಖರತೆಯನ್ನ ಇದೆ ಅಂದ ಹಾಗಾಯ್ತು. ನೋಡೋರಿಗೆ ಬೇರೆ, ಬಳಸೋರಿಗೆ ಬೇರೆ. ನೋಡೋರಿಗೆ ಅರ್ಥ ಇರುವಷ್ಟೇ ಅಂಕಿ, ದಶಮಾಂಶದ ಚುಕ್ಕಿಗಳು ಒಂದರ ಕೆಳಗೊಂದು. ಬಳಸೋರಿಗೆ ಪೂರ್ತಿ 17 ಅಂಕಿಯ ಫೈಲ್ ಕೊಡಿ. ಡಬಲ್ ಸಂಖ್ಯೆ ಚೂರೂ ಮುಕ್ಕಾಗದೆ ವಾಪಸ್ ಬರೋಕೆ ಅಷ್ಟು ಸಾಕು. ಸ್ಕ್ರೀನ್‌ಶಾಟ್ ಕೊಡಬೇಡಿ.

ನಮ್ಮಪ್ಪ ಓದಿದ್ದು ಏಳನೇ ಕ್ಲಾಸು. ಊರ ಡೇರಿಗೆ ಹಾಲು ಹಾಕಿ ಬಂದ ಮೇಲೆ ಪಾಸ್‌ಬುಕ್ಕಿನ ಮೇಲೆ ಬೆರಳಿಟ್ಟು ಓದ್ತಿದ್ರು: ತಾರೀಕು, ಲೀಟರು, ಫ್ಯಾಟು, ದುಡ್ಡು. ಒಂದಿನ ಸೆಕ್ರೆಟರಿ ಫ್ಯಾಟಿನ ಕಾಲಮ್ಮಲ್ಲಿ ಬರೀ 4 ಅಂತ ಬರೆದಿದ್ದ. ಅಪ್ಪ ವಾಪಸ್ ಹೋಗಿ ನಿಂತ್ರು. "ಪಾಯಿಂಟ್ ಎಲ್ಲೋಯ್ತು? ಸೊನ್ನೆ ಇದ್ರೆ ಸೊನ್ನೆ ಬರಿ. ಖಾಲಿ ಬಿಟ್ರೆ ನಂಗೇನು ಗೊತ್ತಾಗ್ತದೆ, ನೀನು ಅಳೆದ್ಯೋ ಇಲ್ವೋ ಅಂತ." 4.0ಕ್ಕೂ 4ಕ್ಕೂ ಇರೋ ವ್ಯತ್ಯಾಸವನ್ನ ನನಗೆ ಬಿಇಯ ನಾಲ್ಕು ವರ್ಷದಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಡಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮುಂದಿನ ಸಲ ಯಾರಾದ್ರೂ ನೋಟ್‌ಬುಕ್ ರಿವ್ಯೂಗೆ ತಂದ್ರೆ ಕೊನೇ ಸೆಲ್‌ನಿಂದ ಶುರು ಮಾಡಿ. ಪ್ರತಿ ಕಾಲಮ್ಮಿಗೂ ಹೆಸರು, ಅಳತೆಯ ಮಾನ ಇದೆಯಾ? ಇಷ್ಟೇ ಅಂಕಿ ಯಾಕೆ ಅಂತ ಬರೆದವನು ಹೇಳಬಲ್ಲನಾ? ಮುಚ್ಚಿಹೋದ ಸಾಲುಗಳೆಷ್ಟು? ಮುಂದಿನ ಲೆಕ್ಕಕ್ಕೆ ಹೋಗ್ತಿರೋದು ಮೂಲ ಸಂಖ್ಯೆಯಾ, ಅಂಗಿ ತೊಟ್ಟಿದ್ದಾ? ಈ ನಾಲ್ಕಕ್ಕೆ ಉತ್ತರ ಇಲ್ಲದಿದ್ರೆ ಮರ್ಜ್ ಮಾಡಬೇಡಿ. ಹತ್ತು ನಿಮಿಷದ ಕೆಲಸ. ಇಂಟರ್ನ್ ಮೇಲೆ ಹಾಕಬೇಡಿ, ನೀವೇ ಮಾಡಿ. ಬೈಸಿಕೊಳ್ಳೋದು ಕೊನೆಗೆ ಅವನೇ.